ಪಿಚಕಾರಿಗೆ ಸುತ್ತಿದ ಅರಿವೆ

ದೇವದುರ್ಗದ ಬಡಿಗೇರ ಓಣಿಯಲ್ಲಿ ಮೌನಪ್ಪನ ಮನೆ ಹೋಳಿ ಹುಣ್ಣಿಮೆ ಬಂದರೆ ಹುಡುಗರಿಗೆ ಎರಡು ಸಲ ನೆನಪಾಗುತ್ತಿತ್ತು. ಕಾಮಣ್ಣನನ್ನು ಸುಡಲು ಕಟ್ಟಿಗೆ ಕದಿಯುವುದಕ್ಕೆ ಒಂದು ಸಲ, ಬಣ್ಣದಾಟಕ್ಕೆ ಪಿಚಕಾರಿ ಮಾಡಿಸಿಕೊಳ್ಳುವುದಕ್ಕೆ ಇನ್ನೊಂದು ಸಲ. ಕದ್ದವರೇ ಬಂದು ಹಲ್ಲು ಕಿರಿಯುತ್ತ ಎದುರಿಗೆ ನಿಲ್ಲುತ್ತಿದ್ದರು. ಮೌನಪ್ಪನೂ ಕಡಿಮೆಯವನಲ್ಲ. ಒಳ್ಳೆಯ ಸಾಗವಾನಿ ತುಂಡುಗಳನ್ನು ಮೊದಲೇ ಮನೆಯೊಳಗೆ ಸೇರಿಸಿ, ಮುರಿದ ನೊಗ, ಹುಳ ತಿಂದ ಹಲಗೆಗಳನ್ನು ಹುಡುಗರ ಕೈಗೆ ಎಟುಕುವ ಹಾಗೆ ಬೇಲಿಯ ಪಕ್ಕ ಒಟ್ಟಿರುತ್ತಿದ್ದ. ಬೆಳಗ್ಗೆ ಎದ್ದು ಓಣಿಗೆಲ್ಲ ಕೇಳುವಂತೆ ಬೈಯುತ್ತಿದ್ದ. ಬೈಯದಿದ್ದರೆ ಕದ್ದವರಿಗೆ ಏನು ಸುಖ?

ಪಿಚಕಾರಿ ಮಾಡುವುದು ಅಂಥ ದೊಡ್ಡ ವಿದ್ಯೆಯಲ್ಲ. ಒಂದು ಕಡೆ ಗಿಣ್ಣು ಉಳಿಸಿಕೊಂಡು ಬಿದಿರಿನ ಕೊಳವೆ ಕತ್ತರಿಸಬೇಕು, ಆ ಗಿಣ್ಣಿಗೆ ಕಾದ ಮೊಳೆಯಿಂದ ತೂತು ಹಾಕಬೇಕು, ಒಳಗೆ ಹೋಗಿ ಬರುವಂಥ ಕೋಲು ಕೆತ್ತಿ ಅದರ ತುದಿಗೆ ಅರಿವೆ ಸುತ್ತಬೇಕು. ಎಳೆದರೆ ನೀರು ಒಳಗೆ, ದಬ್ಬಿದರೆ ಹೊರಗೆ. ಆದರೆ ಯಾವ ಕೈಗೆ ಯಾವ ಪಿಚಕಾರಿ ಎಂದು ಆರಿಸುವುದರಲ್ಲಿ ಮೌನಪ್ಪನಿಗೆ ತನ್ನದೇ ಹಟವಿತ್ತು. ದಪ್ಪ ಬಿದಿರಿಗೆ ಅರಿವೆಯನ್ನು ಬಿಗಿಯಾಗಿ ಸುತ್ತಿದರೆ ನೀರು ಎದುರು ಮನೆಯ ಮಾಳಿಗೆ ಮುಟ್ಟುತ್ತದೆ, ಎಳೆಯಲು ಮಾತ್ರ ರಟ್ಟೆಯಲ್ಲಿ ಬಲ ಬೇಕು. ಸಣ್ಣ ಬಿದಿರಿಗೆ ಸಡಿಲವಾಗಿ ಸುತ್ತಿದರೆ ಕೂಸು ಕೂಡ ಎಳೆಯುತ್ತದೆ, ಆದರೆ ಅರ್ಧ ನೀರು ಹಿಂದಕ್ಕೆ ಸೋರಿ ಎಳೆದವನ ಮೊಣಕೈಯನ್ನೇ ತೋಯಿಸುತ್ತದೆ. ಹುಡುಗ ಬಂದು ನಿಂತರೆ ಮೌನಪ್ಪ ಮೊದಲು ಅವನ ರಟ್ಟೆ ಹಿಚುಕಿ ನೋಡಿ, ಆಮೇಲೆ ಬಿದಿರಿಗೆ ಕೈ ಹಾಕುತ್ತಿದ್ದ.

ಅರಿವೆ ಹರಿದು ಕೊಡುವುದು ಹೆಂಡತಿ ಗೋಪಮ್ಮನ ಕೆಲಸ. ಹಳೆಯ ಸೀರೆಯ ಅಂಚನ್ನು ಹಲ್ಲಿನಿಂದ ಸೀಳಿಕೊಂಡು, "ಎಷ್ಟ ಹರೀಲಿ?" ಎಂದು ಕೇಳುತ್ತಿದ್ದಳು. ಅವನು ಕೈಯಲ್ಲಿ ಅಳತೆ ತೋರಿಸಿದಷ್ಟು ಪರಪರ ಹರಿಯುತ್ತಿದ್ದಳು. ಉದ್ದ ಪಟ್ಟಿಯಾದರೆ ಬಲವಂತನಿಗೆ, ಗಿಡ್ಡ ಪಟ್ಟಿಯಾದರೆ ಕೂಸಿಗೆ. ವರ್ಷವರ್ಷ ಹರಿದು ಹರಿದು, ಪಟ್ಟಿ ನೋಡಿಯೇ ಇದು ಯಾರ ಮಗನದು ಎಂದು ಹೇಳುವಷ್ಟು ಅವಳಿಗೆ ರೂಢಿಯಾಗಿತ್ತು.

ಎಪ್ಪತ್ಮೂರರ ಹೋಳಿಗೆ ಅವರ ಮಗ ನಾಗಲಿಂಗನಿಗೆ ಐದು ವರ್ಷ. ಮಾನ್ವಿಯಿಂದ ಗೋಪಮ್ಮನ ತಮ್ಮ ವೆಂಕೋಬ ಬಂದಿದ್ದ. ಅವನು ಅಲ್ಲಿ ಅಕ್ಕಿ ಗಿರಣಿಯಲ್ಲಿ ಹಮಾಲಿ, ಸಂಜೆಯಾದರೆ ಗರಡಿ ಮನೆಯಲ್ಲಿ ಪೈಲ್ವಾನ. ಜಗತ್ತಿನಲ್ಲಿ ಅವನಿಗೆ ಕಾಣುವುದು ಎರಡೇ, ಮೂಟೆ ಮತ್ತು ಮೈಕಟ್ಟು. ಅಳಿಯನನ್ನು ತೊಡೆಯ ಮೇಲೆ ಎಳೆದುಕೊಂಡು ಅವನ ಕಾಲಿನ ಮೀನಖಂಡ ಹಿಡಿದು ನೋಡಿದವನೇ ಓಣಿ ಕೇಳುವಂತೆ ಕೂಗಿದ.

"ಯಕ್ಕಾ, ಏನಿದು! ಐದು ವರ್ಷದ ಹುಡುಗಗ ಇಂಥಾ ಮೀನಖಂಡಾ? ಕಲ್ಲ ಆಗ್ಯಾವ ಕಲ್ಲ! ನಮ್ಮ ಗರಡ್ಯಾಗ ದೊಡ್ಡ ದೊಡ್ಡವ್ರಿಗೂ ಹಿಂಗಿಲ್ಲ. ಮಾವಾ, ಇವ ಪೈಲ್ವಾನ ಆಗಾಂವ, ಬರದಿಟ್ಕೋರಿ!"

ಕೇಳಿ ಮೌನಪ್ಪನ ಎದೆ ಉಬ್ಬಿತು. ಆ ದಿನ ಅವನು ಮಗನ ರಟ್ಟೆ ನೋಡಲೇ ಇಲ್ಲ. ರಾಯಚೂರಿನಿಂದ ತಂದ ಬಿದಿರಿನಲ್ಲಿ ಎಲ್ಲಕ್ಕಿಂತ ದಪ್ಪನೆಯದನ್ನು ಆರಿಸಿದ, ಗೋಪಮ್ಮನಿಂದ ಮಾರುದ್ದದ ಪಟ್ಟಿ ಹರಿಸಿದ. ಮುತ್ತುಗದ ಹೂ ಕುದಿಸಿದ ಕೇಸರಿ ನೀರಿನಲ್ಲಿ ಪಿಚಕಾರಿ ಅದ್ದಿ ಹುಡುಗ ಎಳೆದ, ಮತ್ತೆ ಎಳೆದ. ಕೋಲು ಮಿಸುಕಲಿಲ್ಲ. ಸುತ್ತ ನಿಂತ ಹುಡುಗರು ನಕ್ಕರು. ವೆಂಕೋಬನೇ ಹೇಳಿಕೊಟ್ಟ. "ಕಾಲಾಗ ಅದ, ತೋಳಿಗೆ ಇನ್ನೂ ಇಳದಿಲ್ಲ ಮಾವಾ. ಕಸರತ್ತ ಬೇಕು. ಇದ ಪಿಚಕಾರಿ ಕೊಡ್ರಿ, ದಿನಾ ನೀರ ಎಳೀಲಿ. ವರ್ಷದಾಗ ರಟ್ಟಿ ಹೆಂಗ ಆಗ್ತಾವ ನೋಡ್ರಿ."

ಪೈಲ್ವಾನನ ಮಾತು ಮೌನಪ್ಪನಿಗೆ ವೇದವಾಯಿತು. ಹೋಳಿ ಮುಗಿದರೂ ನಾಗಲಿಂಗನ ಪಿಚಕಾರಿ ಅಟ್ಟ ಸೇರಲಿಲ್ಲ. ದಿನಾ ಬೆಳಗ್ಗೆ ಬಾನಿಯಿಂದ ನೀರು ಎಳೆದು ಎಮ್ಮೆ ನೀರು ಕುಡಿಯುವ ಕಲ್ಲುದೋಣಿಗೆ ಬಿಡುವುದು ಅವನ ಪಾಲಿಗೆ ಬಂತು. ದೋಣಿಯ ತಳ ಮುಚ್ಚುವಷ್ಟು ನೀರಾಗುವವರೆಗೆ ರೊಟ್ಟಿ ಇಲ್ಲ. ಹುಡುಗ ಕೋಲನ್ನು ಹೊಟ್ಟೆಗೆ ಆನಿಸಿಕೊಂಡು, ಮೈ ಹಿಂದಕ್ಕೆ ಎಸೆದು ಎಳೆಯುತ್ತಿದ್ದ. ಸ್ವಲ್ಪ ರೂಢಿಯಾಯಿತು ಎನ್ನಿಸಿದ ಕೂಡಲೇ ಅಪ್ಪ ಕೋಲಿಗೆ ಇನ್ನೆರಡು ಸುತ್ತು ಅರಿವೆ ಸುತ್ತುತ್ತಿದ್ದ. ಸಂಜೆಗೆ ತೋಳು ನೋಯುತ್ತವೆ ಎಂದು ಅತ್ತರೆ ಗೋಪಮ್ಮ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು, ಮೌನಪ್ಪ ಅತ್ತ ಮುಖ ತಿರುಗಿಸಿ ಉಳಿಗೆ ಸಾಣೆ ಹಿಡಿಯುತ್ತಿದ್ದ. ಮಗನನ್ನು ಗಟ್ಟಿ ಮಾಡುತ್ತಿದ್ದೇನೆ ಎಂದು ಅವನು ಮನಸಾರೆ ನಂಬಿದ್ದ. ಯಾರಾದರೂ ಅಡ್ಡ ಬಂದಿದ್ದರೆ ಅವರ ಮೈಮೇಲೆಯೇ ಹೋಗುತ್ತಿದ್ದ.

ಮೀನಖಂಡ ಇನ್ನೂ ದಪ್ಪಗಾಯಿತು, ಹುಡುಗ ಮಾತ್ರ ಗಟ್ಟಿಯಾಗಲಿಲ್ಲ. ಓಡಿದರೆ ಎಲ್ಲರಿಗಿಂತ ಹಿಂದೆ, ಮೆಟ್ಟಿಲು ಹತ್ತಿದರೆ ಗೋಡೆ ಹಿಡಿಯಬೇಕು. ನೆಲದಿಂದ ಏಳುವಾಗ ಒಂದು ಕೈ ಮೊಣಕಾಲಿನ ಮೇಲೆ, ಇನ್ನೊಂದು ತೊಡೆಯ ಮೇಲೆ ಊರಿ, ತನ್ನ ಮೈಯನ್ನು ತಾನೇ ಹತ್ತಿಕೊಂಡು ಏಳುತ್ತಿದ್ದ. ಅದನ್ನು ಕಂಡು ಮೌನಪ್ಪನಿಗೆ ನಗು. "ಬಂದಾ ನೋಡ್ರಿ ನಮ್ಮ ಮುದ್ಯಾ, ಕೋಲ ಕೊಡ್ರಿ ಅಂವಗ!" ಎನ್ನುತ್ತಿದ್ದ. ಹುಡುಗನೂ ನಗುತ್ತಿದ್ದ, ಅಪ್ಪ ನಗುತ್ತಾನಲ್ಲ ಎಂದು. ಒಂದೊಂದು ದಿನ ಸಿಟ್ಟು ಬಂದು, "ಮೈಗಳ್ಳ ಅದೀಲೇ ನೀನು, ನಿನ್ನ ಮಾಮನ ಹೆಸರ ಮಣ್ಣಪಾಲ ಮಾಡ್ತಿ" ಎಂದು ಬೆನ್ನಿಗೆ ಎರಡು ಬಿಗಿದದ್ದೂ ಉಂಟು.

ಎಪ್ಪತ್ತೆಂಟರ ಹೋಳಿ ಇನ್ನೂ ಮುಂದಿದ್ದಾಗ ಹುಡುಗ ಶಾಲೆಯ ಹಾದಿಯಲ್ಲಿ ಮೇಲಿಂದ ಮೇಲೆ ಬೀಳತೊಡಗಿದ. ಮಾಸ್ತರರ ಒತ್ತಾಯಕ್ಕೆ ಮೌನಪ್ಪ ಅವನನ್ನು ಕರೆದುಕೊಂಡು ರಾಯಚೂರಿನ ಬಸ್ಸು ಹತ್ತಿದ. ಗೋಪಮ್ಮ ಬಸುರಿ, ಮನೆಯಲ್ಲೇ ಉಳಿದಳು. ದವಾಖಾನೆಯ ಡಾಕ್ಟರು ಸಮಾಧಾನದ ಮನುಷ್ಯ. ಹುಡುಗನನ್ನು ನೆಲದ ಮೇಲೆ ಕೂರಿಸಿ, "ಏಳಪ್ಪಾ" ಅಂದರು. ಮೊಣಕಾಲಿಗೆ ಒಂದು ಕೈ, ತೊಡೆಗೆ ಒಂದು ಕೈ. ಮೌನಪ್ಪ ರೂಢಿಯಂತೆ ನಗಲು ಹೋದ. ಡಾಕ್ಟರು ನಗಲಿಲ್ಲ. ಮೀನಖಂಡ ಹಿಡಿದು ನೋಡಿ, ಹುಡುಗನನ್ನು ಹೊರಗಿನ ಬೆಂಚಿಗೆ ಕಳಿಸಿದರು.

"ಕಾಲು ದಪ್ಪ ಅವಲ್ರೀ, ಅದು ಶಕ್ತಿ ಅಲ್ಲ. ಒಳಗ ಮಾಂಸ ಸತ್ತು ಕೊಬ್ಬು ತುಂಬಾಕತ್ತದ. ಮೊದಲ ಕಾಲು ಹೋಗ್ತಾವ, ಆಮ್ಯಾಲ ಕೈ. ಇದಕ್ಕ ಔಷಧ ಇಲ್ಲ, ಇಲ್ಲೂ ಇಲ್ಲ, ಬೊಂಬಾಯದಾಗೂ ಇಲ್ಲ."

ಮೌನಪ್ಪನಿಗೆ ತಕ್ಷಣ ಹೊಳೆದದ್ದು ಕಲ್ಲುದೋಣಿ. "ಸಾಹೇಬ್ರ, ನಾ ಅಂವಗ ಕಸರತ್ತ ಮಾಡಸ್ತಿದ್ನಿರಿ. ಬಿಗಿ ಪಿಚಕಾರಿ ಕೊಟ್ಟು ದಿನಾ ನೀರ ಎಳಸ್ತಿದ್ನಿ."

"ಜೋರ್ ಮಾಡಸಬಾರದಾಗಿತ್ತು," ಎಂದರು ಡಾಕ್ಟರು. ಅವನ ಮುಖ ನೋಡಿ, "ಆದ್ರ ನೀವು ಎಳಸದಿದ್ರೂ ಇದು ನಿಲ್ತಿದ್ದಿಲ್ಲ" ಎಂದು ಸೇರಿಸಿದರು. ಮೌನಪ್ಪನ ಕಿವಿಯಲ್ಲಿ ಉಳಿದದ್ದು ಮೊದಲನೆಯ ಮಾತು ಮಾತ್ರ.

"ಗಂಡು ಮಕ್ಕಳಿಗೆ ಬರೂ ಜಡ್ಡು ಇದು, ತಾಯಿ ಕಡಿಂದ ಬರ್ತದ. ತಾಯಿ ತಪ್ಪಲ್ಲ, ಆಕಿಗೆ ಗೊತ್ತೂ ಇರಂಗಿಲ್ಲ. ಮನ್ಯಾಗ ಬ್ಯಾರೆ ಗಂಡ ಮಕ್ಕಳದಾರೇನು?"

"ಇಲ್ರಿ. ಆದ್ರ ಆಕಿ ಈಗ ಬಸರ ಅದಾಳ್ರಿ."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಹೆಣ್ಣಾಗ್ಲಿ ಅಂತ ಬೇಡ್ಕೋರಿ" ಎಂದರು.

ವಾಪಸು ಬರುವಾಗ ನಾಗಲಿಂಗ ಬಸ್ಸಿನ ಕಿಟಕಿಗೆ ಮುಖ ಹಚ್ಚಿ ಕೂತಿದ್ದ, ಅವನಿಗೆ ರಾಯಚೂರು ನೋಡಿದ್ದೇ ಹಬ್ಬ. ಮೌನಪ್ಪ ಆ ದಾರಿಯಲ್ಲೇ ಒಂದು ನಿರ್ಧಾರ ಮಾಡಿದ. ಜಡ್ಡಿನ ಸಂಗತಿ ಗೋಪಮ್ಮನಿಗೆ ಹೇಳಲೇಬೇಕು, ಮುಚ್ಚಿಟ್ಟರೂ ಮುಚ್ಚುವಂಥದ್ದಲ್ಲ. ತಾಯಿ ಕಡೆಯಿಂದ ಬರುತ್ತದೆ ಎಂಬುದನ್ನು ಮಾತ್ರ ಜೀವ ಹೋದರೂ ಬಾಯಿ ಬಿಡಬಾರದು. ಊರವರ ನಾಲಿಗೆ ಅವನಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಗೋಪಮ್ಮ ಗೊತ್ತಿದ್ದಳು, ತಿಳಿದರೆ ಹೊಟ್ಟೆಯಲ್ಲಿದ್ದ ಕೂಸಿನ ಸಮೇತ ಒಳಗೊಳಗೇ ಬೆಂದುಹೋಗುವ ಹೆಣ್ಣು ಅವಳು. ಮನೆಗೆ ಬಂದವನು ಅವಳಿಗೆ ಜಡ್ಡಿನದಷ್ಟೇ ಹೇಳಿ, ದಪ್ಪ ಬಿದಿರಿನ ಪಿಚಕಾರಿಯನ್ನು ಕೊಡಲಿಯಿಂದ ಸೀಳಿ ಒಲೆಗೆ ಹಾಕಿದ. ಹಸಿ ಅರಿವೆ ಹೊಗೆಯಾಡಿತು.

ಎಲ್ಲ ಗಂಡಸರೂ ಗಂಡು ಬೇಡುತ್ತಿದ್ದ ಕಾಲದಲ್ಲಿ ಅವನೊಬ್ಬ ತಿಂಥಣಿ ಮೌನೇಶನ ಗುಡಿಗೆ ಹೋಗಿ ಹೆಣ್ಣು ಬೇಡಿ ಬಂದ. ಮೌನೇಶನೂ ಮೌನವಾಗಿಯೇ ಇದ್ದ. ಗಂಡೇ ಹುಟ್ಟಿತು. ಸೂಲಗಿತ್ತಿ ಹೊರಗೆ ಬಂದು, "ಗಂಡ ಅದಪ್ಪೋ, ಸಕ್ಕರಿ ಹಂಚು!" ಎಂದು ಸೆರಗು ಒಡ್ಡಿದಳು. ಮೌನಪ್ಪ ಓಣಿಗೆಲ್ಲ ಸಕ್ಕರೆ ಹಂಚಿದ, ಎಲ್ಲರ ಮುಂದೆ ನಕ್ಕ, ಆಮೇಲೆ ಕಟ್ಟಿಗೆ ಒಟ್ಟಿಲಿನ ಹಿಂದೆ ಹೋಗಿ ಕೂತು ಅತ್ತ. ಕೂಸಿಗೆ ಈರಣ್ಣ ಎಂದು ಹೆಸರಿಟ್ಟರು.

ಅಲ್ಲಿಂದ ಮೌನಪ್ಪನ ಲೆಕ್ಕವೆಲ್ಲ ತಿರುಗುಮುರುಗಾಯಿತು. ಮೊದಲು ವರ್ಷವರ್ಷ ಬಿಗಿ ಮಾಡುತ್ತಿದ್ದವನು ಈಗ ವರ್ಷವರ್ಷ ಸಡಿಲ ಮಾಡತೊಡಗಿದ. ಎಪ್ಪತ್ತೊಂಬತ್ತರ ಹೋಳಿಗೆ ನಾಗಲಿಂಗ ಗೋಡೆ ಹಿಡಿದು ನಿಲ್ಲುವಷ್ಟಕ್ಕೆ ಬಂದಿದ್ದ. ಅವನಿಗೆ ಹೆಬ್ಬೆರಳು ಗಾತ್ರದ ಬಿದಿರು ಆರಿಸಿ, ಗೋಪಮ್ಮನಿಗೆ ಬರೀ ಒಂದು ಗೇಣು ತೋರಿಸಿದ. ಅವಳು ಗೇಣುದ್ದ ಹರಿದು ಕೊಟ್ಟು ಒಳಗೆ ಹೋದಳು. ಪಿಚಕಾರಿ ಎಳೆದ ನಾಗಲಿಂಗ ತನ್ನ ತೊಯ್ದ ಮೊಣಕೈ ನೋಡಿಕೊಂಡು ನಕ್ಕ.

"ಯಪ್ಪಾ, ಇದು ಸಣ್ಣ ಕೂಸಿಂದಲ್ಲಾ?"

"ಇಲ್ಲಪ್ಪಾ, ಇದು ಹೊಸಾ ನಮೂನಿದು," ಎಂದ ಮೌನಪ್ಪ. ಹುಡುಗ ದಡ್ಡನಲ್ಲ. ಆದರೂ ಹೌದು ಎಂಬಂತೆ ತಲೆಯಾಡಿಸಿದ.

ಮರುವರ್ಷ ನಿಲ್ಲುವುದೂ ಹೋಯಿತು, ಕೋಲು ಎಳೆಯಲು ಬೇಕಾದ ಎರಡು ಕೈಗಳು ಒಂದು ಕಡೆ ಸೇರುವುದೂ ಕಷ್ಟವಾಯಿತು. ಒಂದೇ ಕೈಯಲ್ಲಿ ಆಗುವಂಥದ್ದು ಬೇಕು. ಮೌನಪ್ಪ ರಾಯಚೂರಿಗೆ ಹೋದಾಗ ಸ್ಟೇಷನ್ ಮುಂದಿನ ಸೈಕಲ್ ರಿಕ್ಷಾದವನನ್ನು ಕಾಡಿ, ಪೋಂ ಪೋಂ ಎನ್ನುವ ಹಾರ್ನಿನ ರಬ್ಬರು ಚೆಂಡು ತಂದ. ಅದರ ಬಾಯಿಗೆ ಕಟ್ಟಿಗೆಯ ಮೂತಿ ಕಡೆದು ಕೂರಿಸಿದ. ಹಿಚುಕಿದರೆ ನೀರು ಚಿಮ್ಮುತ್ತಿತ್ತು. ಎದುರು ಮನೆಯ ಹೀರಾಬಿ, ಬಳೆ ಮಾರುವವಳು, ಪ್ರತಿ ಹೋಳಿಗೂ ಬೇಕೆಂದೇ ಇವರ ಅಂಗಳ ಹಾಯ್ದು ಹೋಗಿ ಮೈ ತೋಯಿಸಿಕೊಂಡು ರಂಪ ಮಾಡುವ ಹೆಂಗಸು. ಆ ವರ್ಷ ಅವಳ ಸೆರಗಿನ ತುದಿ ಒದ್ದೆಯಾಯಿತು. ರಂಪ ಮಾತ್ರ ಇಡೀ ಸೀರೆಯದನ್ನೇ ಮಾಡಿದಳು.

ಚೆಂಡಿನ ಆಯುಷ್ಯವೂ ಒಂದೇ ಹೋಳಿ. ಮುಂದಿನ ವರ್ಷದ ಹೊತ್ತಿಗೆ ನಾಗಲಿಂಗನ ಬೆರಳು ಚೆಂಡಿನ ಮೇಲೆ ಕೂರುತ್ತಿದ್ದವು, ಹಿಚುಕುತ್ತಿರಲಿಲ್ಲ. ಹುಡುಗ ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ಕೇಳಿದ.

"ಯಪ್ಪಾ, ಇನ್ನ ಯಾವ್ದು ಮಾಡ್ತಿ?"

ಈ ಪ್ರಶ್ನೆ ಮೌನಪ್ಪನನ್ನು ಕೆಲಸದ ಹಲಗೆಯ ಮುಂದೆ ಕೂರಲು ಬಿಡಲಿಲ್ಲ. ಬಾಗಿಲು, ಕಿಟಕಿ, ಕುಂಟೆ ಎಲ್ಲ ಹಾಗೇ ಬಿದ್ದವು, ಗಿರಾಕಿಗಳು ಬಂದು ಬೈದು ಹೋದರು. ಬಲವೇ ಬೇಡದ ಪಿಚಕಾರಿ ಯಾವುದು? ಮಗನಿಗೆ ಬಲವಿಲ್ಲದಿದ್ದರೆ ನೀರಿನ ಬಲವನ್ನೇ ಬಳಸಬೇಕು. ಬೇವಿನ ಗಿಡದ ಟೊಂಗೆಗೆ ಎಣ್ಣೆ ಡಬ್ಬಿ ಕಟ್ಟಿದ, ದವಾಖಾನೆಯ ಆಳಿನ ಕಾಲು ಹಿಡಿದು ತಂದ ರಬ್ಬರು ನಳಿಗೆಯನ್ನು ಅದರಿಂದ ಇಳಿಬಿಟ್ಟ. ನಳಿಗೆಯ ಬಾಯನ್ನು ಕಚ್ಚಿ ಹಿಡಿಯಲು, ಬಟ್ಟೆ ಒಣಗಿಸುವಾಗ ಹಾಕುವಂಥ ಒಂದು ಕಟ್ಟಿಗೆಯ ಚಿಮಟ ಕೆತ್ತಿದ. ಅದರ ಬಾಲವನ್ನು ಉದ್ದ ಮಾಡಿ ನೋಡಿದ, ಇನ್ನೂ ಉದ್ದ ಮಾಡಿದ. ಕಡೆಗೆ ಬೆರಳನ್ನು ಅದರ ಮೇಲೆ ಸುಮ್ಮನೆ ಇಟ್ಟರೂ ಸಾಕು, ಬಾಯಿ ಬಿಟ್ಟು ನೀರು ಚಿಮ್ಮುವಂತಾಯಿತು. ಜೀವಮಾನದಲ್ಲಿ ಅವನು ಅಷ್ಟು ನಾಜೂಕಾದ ಕೆಲಸ ಇನ್ನೊಂದು ಮಾಡಲಿಲ್ಲ.

ಆ ಹೋಳಿಯ ದಿನ ಬೇವಿನ ಗಿಡದ ಬುಡದಲ್ಲಿ ನಾಗಲಿಂಗನನ್ನು ದಿಂಬು ಕೊಟ್ಟು ಕೂರಿಸಿದರು. ನೀರು ದೂರ ಹಾರುತ್ತಿರಲಿಲ್ಲ, ಅದಕ್ಕೇ ಹೀರಾಬಿ ತಾನೇ ಹತ್ತಿರ ಬಂದು, ಏನೋ ಬಿದ್ದದ್ದನ್ನು ಹುಡುಕುವಳಂತೆ ಬಗ್ಗಿದಳು. ಹುಡುಗ ಬೆರಳಿಟ್ಟ. ಕೇಸರಿ ನೀರು ಅವಳ ಮುಖಕ್ಕೇ ಹೊಡೆಯಿತು.

"ಅಯ್ಯಯ್ಯೋ ಬದ್ಮಾಶ್! ಮಾರಿ ಮ್ಯಾಗೇ ಹೊಡದ್ಯಲ್ಲೋ! ಗೋಪವ್ವಾ, ನಿನ್ನ ಮಗನ್ನ ಸಂಭಾಳಿಸು, ಇಲ್ಲಾಂದ್ರ ಈ ಓಣ್ಯಾಗ ಹೆಣ್ಣ ಮಕ್ಕಳು ಓಡಾಡಂಗಿಲ್ಲ!"

ನಾಗಲಿಂಗ ಉಸಿರು ಕಟ್ಟುವ ತನಕ ನಕ್ಕ. ಮೂರು ವರ್ಷದ ಈರಣ್ಣ ಅಣ್ಣನ ತೊಡೆಗೆ ಆತುಕೊಂಡು ತಾನೂ ಕೇಕೆ ಹಾಕಿದ. ಮೌನಪ್ಪನಿಗೆ ಅಂದು ಎಷ್ಟು ಸಂತೋಷವಾಯಿತೆಂದರೆ, ಡಾಕ್ಟರ ಮಾತು ಸುಳ್ಳಾದರೂ ಆದೀತು ಎನ್ನಿಸಿತು. ಮನುಷ್ಯನ ಮನಸ್ಸು ಅಂಥ ಹುಚ್ಚು ವಸ್ತು. ಮಧ್ಯಾಹ್ನ ಮಗನ ತಲೆ ಒರೆಸುತ್ತ ಗೋಪಮ್ಮ, ಯಾರ ಕಡೆಗೂ ನೋಡದೆ, "ನಮ್ಮವ್ವಗ ಒಬ್ಬ ತಮ್ಮ ಇದ್ನಂತ್ರಿ. ಅಂವನೂ ಹಿಂಗ ತೆವಳಿ ತೆವಳಿ ಸಣ್ಣಾಂವಿದ್ದಾಗ ಹ್ವಾದ್ನಂತ" ಎಂದಳು.

"ಎಲ್ಲಾರ ಮನ್ಯಾಗೂ ಅಂಥಾವ್ರು ಒಬ್ರು ಇರ್ತಾರ, ಸುಮ್ಕಿರು," ಎಂದು ಮೌನಪ್ಪ ಗದರಿದ. ಅವಳು ಮಗನ ತಲೆ ಒರೆಸುವುದನ್ನು ಮುಂದುವರಿಸಿದಳು. ಮತ್ತೆ ಆ ಮಾತು ಎತ್ತಲೇ ಇಲ್ಲ.

ಮುಂದಿನ ಹೋಳಿಗೆ ನಾಗಲಿಂಗ ಇರಲಿಲ್ಲ. ಚಳಿಗಾಲದಲ್ಲಿ ಕೆಮ್ಮು ಹತ್ತಿತು, ಕೆಮ್ಮಿ ಕಫ ಹೊರಗೆ ಹಾಕುವ ಬಲವೂ ಎದೆಯಲ್ಲಿ ಉಳಿದಿರಲಿಲ್ಲ. ಅಪ್ಪನ ತೊಡೆಯ ಮೇಲೆಯೇ ಪ್ರಾಣ ಬಿಟ್ಟ. ವೆಂಕೋಬ ಮಾನ್ವಿಯಿಂದ ಬಂದು, ಅಷ್ಟು ದೊಡ್ಡ ಮೈಯ ಗಂಡಸು, ಅಂಗಳದಲ್ಲಿ ಬಿದ್ದು ಹೊರಳಿ ಅತ್ತ. ಮೈಲಿಗೆಯ ವರ್ಷ, ಹಬ್ಬ ಮಾಡಲಿಲ್ಲ. ಕಟ್ಟಿಗೆ ಕದಿಯುವ ಹುಡುಗರು ಕೂಡ ಆ ಸಲ ಮೌನಪ್ಪನ ಬೇಲಿ ಮುಟ್ಟಲಿಲ್ಲ. ಚಿಮಟವನ್ನು ಅವನು ಗೂಟಕ್ಕೆ ನೇತುಹಾಕಿದ, ಅದು ಅಲ್ಲೇ ಧೂಳು ತಿಂದಿತು.

ಎಂಬತ್ಮೂರರ ಹೋಳಿಗೆ ವೆಂಕೋಬ ಮತ್ತೆ ಬಂದ. "ಆದದ್ದ ಆತು ಮಾವಾ, ಸಣ್ಣ ಕೂಸಿನ ಸಲುವಾಗಿ ಬಣ್ಣ ಆಡ್ಸಬೇಕು," ಎಂದ. ಈರಣ್ಣನಿಗೆ ಆಗ ಐದು ನಡೆಯುತ್ತಿತ್ತು. ಗೋಪಮ್ಮ ಅವನನ್ನು ಕೆಲವು ತಿಂಗಳಿನಿಂದ ಊಟಕ್ಕೆ ನೆಲದ ಮೇಲೆ ಕೂರಿಸುತ್ತಿರಲಿಲ್ಲ, ಪಡಸಾಲೆಯ ಕಟ್ಟೆಯ ಮೇಲೆ ಕೂರಿಸಿ ಉಣಿಸುತ್ತಿದ್ದಳು. ಕೇಳಿದರೆ ನೆಲ ತಂಪು ಎನ್ನುತ್ತಿದ್ದಳು. ಆ ದಿನವೂ ಅವನು ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ವೆಂಕೋಬ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಮುದ್ದಿನಿಂದ ಆ ಕಾಲು ಹಿಡಿದ. ಅಕ್ಕನ ಮನಸ್ಸಿಗೆ ಒಂದಿಷ್ಟು ನೆಮ್ಮದಿ ಕೊಡಬೇಕೆಂಬ ಆಸೆ ಅವನಿಗೆ.

"ಯಕ್ಕಾ, ಚಿಂತಿ ಬಿಡು. ಇಂವನ ಮೀನಖಂಡ ನೋಡಿಲ್ಲಿ. ಇಂವರೆ ಪೈಲ್ವಾನ ಆಗ್ತಾನ ನೋಡು."

ಪಾಪ, ದಪ್ಪ ಕಾಲಿನ ಅರ್ಥ ಅವನಿಗೆ ಯಾರು ಹೇಳಿದ್ದರು? ಮೌನಪ್ಪ ಹೆಂಡತಿಯ ಕಡೆ ನೋಡಲಾರದೆ ಮಗನ ಕಡೆ ನೋಡಿದ. "ಇಳಿಯಪ್ಪಾ, ಬಾ ಇಲ್ಲಿ, ನೆಲದ ಮ್ಯಾಲ ಕೂತು ಏಳು ನೋಡೂಣು," ಎಂದ. ಹುಡುಗ ಆಟವೆಂದು ತಿಳಿದು ಇಳಿದು ಕೂತ. ಏಳುವಾಗ ಒಂದು ಕೈ ಮೊಣಕಾಲಿಗೆ ಹೋಯಿತು, ಇನ್ನೊಂದು ತೊಡೆಗೆ. ಎದ್ದು ನಿಂತು ಅಪ್ಪನ ಕಡೆ ನೋಡಿ ನಕ್ಕ. ಗೋಪಮ್ಮ ಅಷ್ಟರಲ್ಲಿ ಒಳಗೆ ಹೋಗಿದ್ದಳು, ನೋಡಿದಳೋ ಇಲ್ಲವೋ ತಿಳಿಯಲಿಲ್ಲ.

ವೆಂಕೋಬ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಮುತ್ತುಗದ ಹೂ ತರಲು ಹೋದ. ಮೌನಪ್ಪ ಕೆಲಸದ ಜಾಗದಲ್ಲಿ ಬಿದಿರುಗಳ ಮುಂದೆ ಕೂತ. ಒಂದು ದಪ್ಪ ಬಿದಿರು, ಒಂದು ಹೆಬ್ಬೆರಳು ಗಾತ್ರದ್ದು. ಸಣ್ಣದನ್ನು ಆರಿಸಿದರೆ ಗೋಪಮ್ಮನಿಗೆ ಗೇಣುದ್ದದ ಪಟ್ಟಿ ಹರಿ ಎನ್ನಬೇಕಾಗುತ್ತದೆ. ಆ ಗೇಣು ತೋರಿಸಿದ ಕ್ಷಣವೇ ಅವಳಿಗೆ ಎಲ್ಲ ತಿಳಿಯುತ್ತದೆ, ಐದು ವರ್ಷ ಅವನು ನುಂಗಿಕೊಂಡದ್ದೆಲ್ಲ ಹೊರಗೆ ಬಂದಂತೆಯೇ. ಬೇಡ. ಈ ಒಂದು ಹಬ್ಬವಾದರೂ ಅವಳು ಗೊತ್ತಿಲ್ಲದೆ ಇರಲಿ. ದಪ್ಪ ಬಿದಿರನ್ನೇ ತೆಗೆದುಕೊಂಡ. ಮಾರುದ್ದ ಹರಿಸುತ್ತೇನೆ, ಬಿಗಿಯಾಗಿ ಸುತ್ತುತ್ತೇನೆ, ಮಗನ ಕೈಯ ಮೇಲೆ ನನ್ನ ಕೈ ಇಟ್ಟು ನಾನೇ ಎಳೆಯುತ್ತೇನೆ, ಯಾರಿಗೆ ತಿಳಿಯುತ್ತದೆ ಎಂದುಕೊಂಡ.

ಬಿದಿರನ್ನು ಕೈಯಲ್ಲಿ ಹಿಡಿದೇ ಒಳಗೆ ಹೋದ. ಗೋಪಮ್ಮ ಒಲೆಯ ಪಕ್ಕ ಗೋಡೆಗೆ ಒರಗಿ ಕೂತಿದ್ದಳು, ಮಡಿಲಲ್ಲಿ ಹಳೆಯ ಸೀರೆ ಇತ್ತು.

"ಅರಿವಿ ಬೇಕಿತ್ತು," ಎಂದ, ದನಿಯಲ್ಲಿ ಇಲ್ಲದ ಗೆಲುವು ತಂದುಕೊಂಡು. "ಈ ಸಲ ಉದ್ದಂದ..."

ಎಷ್ಟು ಹರಿಯಲಿ ಎಂದು ಅವಳು ಕೇಳಲಿಲ್ಲ. ಪಟ್ಟಿ ಆಗಲೇ ಹರಿದು ಅವಳ ಮುಷ್ಟಿಯಲ್ಲಿತ್ತು. ಕೈ ಚಾಚಿ ಅವನ ಮುಂದೆ ಹಿಡಿದಳು. ಅದು ಗೇಣುದ್ದವೂ ಇರಲಿಲ್ಲ.

"ಇಷ್ಟ ಸಾಕಾಗ್ತದ," ಎಂದಳು. "ಆ ದಪ್ಪ ಬಿದಿರ ಒಳಗಿಡ್ರಿ."

ಮೌನಪ್ಪ ಪಟ್ಟಿ ತೆಗೆದುಕೊಂಡ. ಹೊರಗೆ ಬಂದು ಸಣ್ಣ ಬಿದಿರನ್ನು ಕತ್ತರಿಸಿ, ಮೊಳೆ ಕಾಯಿಸಿ ತೂತು ಹಾಕಿ, ಕೋಲಿಗೆ ಅರಿವೆ ಸುತ್ತಲು ಕೂತ. ಸುತ್ತು ಬೇಗ ಮುಗಿಯಿತು. ದೂರದಿಂದ ವೆಂಕೋಬನ ಹೆಗಲ ಮೇಲೆ ಈರಣ್ಣ ಕೂಗುತ್ತ ಬರುವುದು ಕೇಳಿಸಿತು. ಮೌನಪ್ಪ ದಾರ ಕಟ್ಟಿ, ಕೋಲನ್ನು ಬಿದಿರಿನೊಳಗೆ ಹಾಕಿ, ಒಂದು ಬೆರಳಿನಿಂದ ಎಳೆದು ನೋಡಿದ.